ತಿಂಗಳು ತುಂಬದ ಕೂಸು ಮನೆಗೆ ಬಂದಾಗ

ನಮ್ಮ ಕಡೆಯ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಏಳನೆಯ ತಿಂಗಳಲ್ಲೋ ಎಂಟರಲ್ಲೋ ಸೀಮಂತ, ಅದಾದ ಮೇಲೆ ರೈಲಿನ ಟಿಕೇಟು, ಆಮೇಲೆ ತಾಯಿಯ ಮನೆಯ ಬಾಣಂತನ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ದುಡಿಯುವ ನಮ್ಮ ಜನರ ಲೆಕ್ಕಾಚಾರವೆಲ್ಲ ಈ ವಾಡಿಕೆಯ ಮೇಲೆ ನಿಂತಿದೆ. ತಿಂಗಳು ತುಂಬದೆ ಹುಟ್ಟುವ ಕೂಸು ಈ ಲೆಕ್ಕವನ್ನು ತಲೆಕೆಳಗು ಮಾಡಿಬಿಡುತ್ತದೆ. ಟಿಕೇಟು ಇನ್ನೂ ಟ್ರಂಕಿನಲ್ಲಿರುವಾಗಲೇ ಹೆರಿಗೆ ಆಗಿಹೋಗಿರುತ್ತದೆ. ತಾಯಿ ಊರಲ್ಲಿ, ಅತ್ತೆ ಊರಲ್ಲಿ. ಇಲ್ಲಿ ಚಾಳಿನ ಒಂದು ಖೋಲಿಯಲ್ಲಿ ಗಂಡ ಹೆಂಡಿರಿಬ್ಬರೇ.

ಆಸ್ಪತ್ರೆಯಲ್ಲಿರುವಷ್ಟು ದಿನ ಕೂಸನ್ನು ನೋಡಿಕೊಳ್ಳಲು ದಾದಿಯರಿದ್ದಾರೆ, ವೈದ್ಯರಿದ್ದಾರೆ, ಉಸಿರು ತಪ್ಪಿದರೆ ಕೂಗುವ ಯಂತ್ರವಿದೆ. ಒಂದು ಬೆಳಿಗ್ಗೆ, "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎನ್ನುತ್ತಾರೆ. ಅಂದಿನ ಹಗಲು ಸಂತೋಷದಲ್ಲಿ ಕಳೆಯುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ತಾಯಿಗೆ ನಿದ್ದೆ ಬಾರದು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳು ಹಿಡಿದು ಕೂತಿರುತ್ತಾಳೆ. ಈ ಪಾಠವನ್ನು ಆ ರಾತ್ರಿಗಾಗಿ ಬರೆಯುತ್ತಿದ್ದೇವೆ. ಅದಕ್ಕಿಂತ ಹೆಚ್ಚಾಗಿ, ಅಂಥ ರಾತ್ರಿಗಳನ್ನು ಹಿಂದೆಯೇ ದಾಟಿ ಬಂದು ಈಗ ಪಕ್ಕದ ಚಾಳಿನಲ್ಲೇ ಇರುವ ತಾಯಂದಿರಿಗಾಗಿ.

ಮೊದಲು ಲೆಕ್ಕ ತಿಳಿಯೋಣ. ಗರ್ಭದ ಪೂರ್ಣ ಅವಧಿ 40 ವಾರ. 37 ವಾರ ತುಂಬುವ ಮೊದಲು ಹುಟ್ಟಿದ್ದು ತಿಂಗಳು ತುಂಬದ ಕೂಸು. 2020ರಲ್ಲಿ ಜಗತ್ತಿನಲ್ಲಿ ಇಂಥ ಕೂಸುಗಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದುವೆಂದೂ ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವೆಂದೂ ಅಂದಾಜು. ಆದುದರಿಂದ ಇದು ಯಾರೋ ಒಬ್ಬಳ ದುರದೃಷ್ಟವಲ್ಲ, ಅವಳು ಮಾಡಿದ ತಪ್ಪೂ ಅಲ್ಲ. ಭಾರ ಎತ್ತಿದಳು, ಲೋಕಲ್ ಗಾಡಿಯಲ್ಲಿ ನಿಂತು ಹೋದಳು, ಪಪ್ಪಾಯಿ ತಿಂದಳು ಎಂದೆಲ್ಲ ಕಾರಣ ಹುಡುಕುವವರು ಬಹಳ. ಎಷ್ಟೋ ಸಲ ವೈದ್ಯರಿಗೂ ಕಾರಣ ಸಿಕ್ಕುವುದಿಲ್ಲ. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯದು ಎಂಬ ಹಳೆಯ ಮಾತೂ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲವೇ.

ಎರಡನೆಯ ಲೆಕ್ಕ ವಯಸ್ಸಿನದು. 32 ವಾರಕ್ಕೆ ಹುಟ್ಟಿದ ಕೂಸು 8 ವಾರ ಮೊದಲೇ ಬಂದಿದೆ. ಹುಟ್ಟಿ ಐದು ತಿಂಗಳಾದಾಗ ಅದನ್ನು ಮೂರು ತಿಂಗಳ ಕೂಸಿನೊಡನೆ ಹೋಲಿಸಬೇಕೇ ಹೊರತು ಐದು ತಿಂಗಳದರೊಡನೆ ಅಲ್ಲ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎಲ್ಲವನ್ನೂ ಎರಡು ವರ್ಷದವರೆಗೆ ಹೀಗೆ ಕಳೆದು ನೋಡುವುದು ವೈದ್ಯರ ಪದ್ಧತಿ. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ ಲೆಕ್ಕ. ಕೂಸು ಚಿಕ್ಕದೆಂದು ಮುಂದೂಡಕೂಡದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ, "ನಮ್ಮ ಮಗಳ ಕೂಸು ಆಗಲೇ ಬೋರಲು ಬಿತ್ತು" ಎಂದು ಬಂದವರು ಹೇಳುವ ಮಾತಿನ ನೋವು ಅರ್ಧ ಇಳಿಯುತ್ತದೆ.

ಮನೆಯ ಆರೈಕೆಯಲ್ಲಿ ಮೊದಲಿನದು ಬೆಚ್ಚಗಿಡುವುದು. ಈ ಕೂಸುಗಳ ಮೈಯಲ್ಲಿ ಕೊಬ್ಬು ಇಲ್ಲ. ಸೆಕೆಯ ಊರಾದ ಮುಂಬಯಿಯಲ್ಲೂ ಫ್ಯಾನಿನ ಗಾಳಿಗೆ ಮೈ ತಣ್ಣಗಾಗುತ್ತದೆ. ಕೈಯ ಹಿಂಬದಿಯಿಂದ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಿರಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಕಾಲು ತಣ್ಣಗಿದ್ದರೆ ಕೂಸಿಗೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಕೂಡಲೆ ಎದೆಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಡತಕ್ಕದ್ದು.

ಎದೆಗೆ ಹಾಕಿಕೊಳ್ಳುವುದೆಂದರೆ ಸುಮ್ಮನೆ ಹೇಳುವ ಮಾತಲ್ಲ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಗಾಜಿನ ಪೆಟ್ಟಿಗೆಗಳು ಸಾಲದೆ, ಕೂಸುಗಳನ್ನು ತಾಯಂದಿರ ಬರಿಯ ಎದೆಗೆ ಕಟ್ಟಿಸಲು ಆರಂಭಿಸಿದರು. ಹಾಗೆ ಕಟ್ಟಿಸಿ ಬೇಗನೆ ಮನೆಗೆ ಕಳಿಸಿ, ಆಮೇಲೆ ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರು. ಬಡತನದಿಂದ ಹುಟ್ಟಿದ ಈ ಉಪಾಯಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ಇಂದು ಶ್ರೀಮಂತ ದೇಶಗಳೂ ಇದನ್ನು ಕಲಿತಿವೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟೇ ತೊಡಿಸಿ, ಎರಡು ಮೊಲೆಗಳ ನಡುವೆ ನೆಟ್ಟಗೆ, ಕಾಲುಗಳನ್ನು ಕಪ್ಪೆಯಂತೆ ಮಡಿಸಿ, ಮುಖ ಒಂದು ಕಡೆಗೆ ತಿರುಗಿರುವಂತೆ ಇಟ್ಟುಕೊಂಡು, ಹಳೆಯ ನೂಲಿನ ಸೀರೆಯಿಂದ ಕಟ್ಟಿಕೊಳ್ಳಬೇಕು. ಮೂಗು ಮುಚ್ಚಬಾರದು, ಗದ್ದ ಎದೆಗೆ ಕುಸಿಯಬಾರದು. ಒಂದು ಸಲಕ್ಕೆ ಗಂಟೆಗೆ ಕಡಿಮೆಯಿಲ್ಲದಂತೆ, ದಿನಕ್ಕೆ 8 ಗಂಟೆಗೆ ಮೇಲ್ಪಟ್ಟು ಎಷ್ಟಾದರೆ ಅಷ್ಟು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ. ಹರಿಯಾಣದ ಹಳ್ಳಿಗಳಲ್ಲಿ 8,402 ಕಡಿಮೆ ತೂಕದ ಕೂಸುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತರಬೇತಾದ ಕಾರ್ಯಕರ್ತೆಯರು ಮನೆಗೇ ಹೋಗಿ ಇದನ್ನು ಕಲಿಸಿದರು. ಕಲಿಸಿದ ಮನೆಗಳಲ್ಲಿ ಆರು ತಿಂಗಳೊಳಗಿನ ಸಾವು ಉಳಿದ ಮನೆಗಳಿಗಿಂತ ಸುಮಾರು ಕಾಲು ಭಾಗ ಕಡಿಮೆಯಾಯಿತು.

ದಿನಕ್ಕೆ ಎಂಟು ಗಂಟೆ ಎಂದೊಡನೆ ಕೇಳುವವರಿದ್ದಾರೆ: ಅಡಿಗೆ ಯಾರು ಮಾಡುವುದು? ನಲ್ಲಿಯ ನೀರು ಯಾರು ಹಿಡಿಯುವುದು? ಸರಿಯಾದ ಪ್ರಶ್ನೆ. ಅದಕ್ಕೆ ಎರಡು ಉತ್ತರ. ಒಂದು, ಗಂಡನ ಎದೆಯೂ ಎದೆಯೇ. ಅಂಗಿ ಬಿಚ್ಚಿ ಕೂಸನ್ನು ಕಟ್ಟಿಕೊಂಡು ಕೂರಲು ನಮ್ಮ ಗುಮಾಸ್ತರಿಗೆ ಸಂಕೋಚವಿರುವುದುಂಟು. ಕಚೇರಿಯಿಂದ ಬಂದು, ಸ್ನಾನ ಮಾಡಿ, ಎರಡು ಗಂಟೆ ಹಾಗೆ ಕೂತರೆ ಹೆಂಡತಿಗೆ ಎರಡು ಗಂಟೆ ನಿದ್ದೆ ಸಿಕ್ಕೀತು. ಬೇಕಾದರೆ ಪತ್ರಿಕೆಯನ್ನೂ ಓದಿಕೊಳ್ಳಬಹುದು. ಇನ್ನೊಂದು, ಅಕ್ಕಪಕ್ಕದವರು. ಕೂಸನ್ನು ನೋಡಬಂದವರು ಕೂಸನ್ನೆತ್ತಿ ಮುದ್ದಾಡುವುದಕ್ಕಿಂತ ಒಂದು ಪಾತ್ರೆ ಸಾರು ತಂದಿಟ್ಟು, ಎರಡು ಕೊಡ ನೀರು ತುಂಬಿಸಿ ಹೋದರೆ ಉಪಕಾರವಾಗುತ್ತದೆ.

ಹಾಲಿನ ವಿಷಯ. ತಾಯಿಯ ಹಾಲಿಗೆ ಸಮನಾದುದಿಲ್ಲ. ಎಳೆಯ ಕೂಸಿಗೆ ಚೀಪುವ ಶಕ್ತಿ ಸಾಲದಿದ್ದರೆ ಹಾಲನ್ನು ಹಿಂಡಿ ಕುಡಿಸಬೇಕು. ನಮ್ಮ ಅಜ್ಜಿಯರ ಒಳಲೆ ಇದಕ್ಕೆ ಹೇಳಿ ಮಾಡಿಸಿದ್ದು. ಆಸ್ಪತ್ರೆಯ ದಾದಿಯರೂ ಅದನ್ನೇ ಬಳಸುತ್ತಾರೆ, ಬಾಟಲಿಯನ್ನು ಬೇಡವೆನ್ನುತ್ತಾರೆ. ಪ್ರತಿ ಸಲವೂ ಒಳಲೆಯನ್ನು ತೊಳೆದು ಕುದಿಸಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಕೂಸು ಅಳದಿದ್ದರೂ ಎಬ್ಬಿಸಿ ಕುಡಿಸಬೇಕು. ತಿಂಗಳು ತುಂಬದ ಕೂಸು ಹಸಿದರೂ ಅಳದೆ ಮಲಗಿರುವುದುಂಟು. "ಎಷ್ಟು ಸಾಧು ಕೂಸು" ಎಂದು ಮೆಚ್ಚಿ ಬಿಡಬೇಡಿರಿ. ತಾಯಿಗೆ ಹಾಲು ಬಾರದೆ ಆಸ್ಪತ್ರೆಯಲ್ಲಿ ಬೇರೆ ತಾಯಿಯ ಹಾಲು ಕೊಟ್ಟಿದ್ದರೆ ಅದರಲ್ಲಿ ಮುಜುಗರಪಡುವಂಥದು ಏನೂ ಇಲ್ಲ. ಏಷ್ಯಾ ಖಂಡದಲ್ಲೇ ಮೊದಲನೆಯ ತಾಯಿಹಾಲಿನ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಕಟ್ಟಿದ್ದು ನಮ್ಮ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿಯೇ.

ಊರಿನಿಂದ ಅತ್ತೆಯೋ ತಾಯಿಯೋ ಬಂದಿಳಿದರೆ ಬಾಣಂತನದ ಪದ್ಧತಿಗಳೂ ಅವರೊಡನೆ ಬರುತ್ತವೆ. ಪ್ರೀತಿಯಿಂದ ಬರುವ ಪದ್ಧತಿಗಳು. ಆದರೂ ಸಾಂಬ್ರಾಣಿ, ಕೆಂಡದ ಹೊಗೆ ಈ ಕೂಸಿನ ಎಳೆಯ ಶ್ವಾಸಕೋಶಕ್ಕೆ ಕೇಡು. ಜೇನು, ಬಜೆ, ಘುಟ್ಟಿ ಕೂಡದು. ಎಣ್ಣೆ ನೀರು ವೈದ್ಯರು ಹೇಳುವವರೆಗೆ ಬೇಡ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಇದನ್ನು ಸೊಸೆ ಹೇಳಿದರೆ ಜಗಳವಾಗುತ್ತದೆ. ಇಂಥ ಕೂಸನ್ನು ಸಾಕಿ ದೊಡ್ಡದು ಮಾಡಿದ ಇನ್ನೊಬ್ಬ ಹೆಂಗಸು ಬಂದು, ತನ್ನ ಓಡಾಡುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಮ್ಮಲ್ಲೂ ಹೊಗೆ ಹಾಕಲಿಲ್ಲಮ್ಮ, ನೋಡಿ ಇವನನ್ನು" ಎಂದರೆ ಜಗಳವಿಲ್ಲದೆ ಮುಗಿಯುತ್ತದೆ.

ಇಲ್ಲಿ ಒಂದು ಮನೆಯ ಸಂಗತಿ ಹೇಳಬೇಕು. ಹೆಸರು ಹೇಳುವುದಿಲ್ಲ. ಕಲಬುರಗಿ ಕಡೆಯ ದಂಪತಿಗಳು. ಗಂಡ ಕಟ್ಟಡದ ಕೆಲಸದವನು. ಕೂಸು 31 ವಾರಕ್ಕೆ ಹುಟ್ಟಿತು, ತೂಕ ಒಂದೂವರೆ ಕಿಲೋ. 21ನೆಯ ದಿನ ಮನೆಗೆ ಕಳಿಸಿದರು. ಕೂಸು ಹಾಲು ಕುಡಿಯುತ್ತಿದೆ, ಗಟ್ಟಿಯಾಗಿದೆ. ಇನ್ನೇಕೆ ಇಲ್ಲಿ ಎಂದು 26ನೆಯ ದಿನಕ್ಕೆ ಊರಿಗೆ ಟಿಕೇಟು ತೆಗೆದರು. ಹೊರಡುವ ಹಿಂದಿನ ದಿನ ಅದೇ ಚಾಳಿನ ಉಡುಪಿ ಕಡೆಯ ಹೆಂಗಸೊಬ್ಬರು ನೋಡಲು ಹೋದರು. ಅವರ ಮಗಳೂ ತಿಂಗಳು ತುಂಬದೆ ಹುಟ್ಟಿದವಳು, ಈಗ ಶಾಲೆಗೆ ಹೋಗುತ್ತಾಳೆ.

"ಆಸ್ಪತ್ರೆಯ ಚೀಟಿ ತಾ ತಂಗಿ, ನೋಡುವ" ಎಂದರು. ಇಂಗ್ಲಿಷಿನ ಚೀಟಿ. ಕೆಳಗಡೆ ಒಂದು ಸಾಲಿನಲ್ಲಿ ಕಣ್ಣಿನ ಪರೀಕ್ಷೆಯ ದಿನ ಬರೆದಿತ್ತು. ಹುಟ್ಟಿದ 28ನೆಯ ದಿನ.

"ಕೂಸಿನ ಕಣ್ಣು ಛಲೋ ಅವ ಅಲ್ರೀ ಅಕ್ಕಾ, ಪಿಳಿಪಿಳಿ ನೋಡ್ತದ" ಎಂದಳು ತಾಯಿ.

"ನನ್ನ ಮಗಳೂ ಹಾಗೆಯೇ ನೋಡುತ್ತಿದ್ದಳು. ಟಿಕೇಟು ವಾಪಸು ಮಾಡಿಸು, ನಾನೂ ಬರುತ್ತೇನೆ."

28ನೆಯ ದಿನ ಹೋದರು. ವಾರ ಬಿಟ್ಟು ಮತ್ತೆ ಬನ್ನಿರೆಂದರು. ಮತ್ತೆ ಹೋದರು. ಮೂರನೆಯ ಸಲಕ್ಕೆ ರೋಗ ಏರುತ್ತಿದೆಯೆಂದು ಹೇಳಿ ಎರಡು ದಿನದೊಳಗೆ ಲೇಸರ್ ಚಿಕಿತ್ಸೆ ಮಾಡಿದರು. ಕೂಸಿನ ದೃಷ್ಟಿ ಉಳಿಯಿತು.

ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಮೇಲೆ ನೋಡಿದರೆ ಏನೂ ತಿಳಿಯದ ರೋಗವಿದು. ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವಿದೆ. ಅದರ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಬೆಳೆಯುತ್ತ, ತಿಂಗಳು ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಕೂಸು ಮೊದಲೇ ಹುಟ್ಟಿದರೆ ಈ ಕೆಲಸ ಅರ್ಧದಲ್ಲಿರುತ್ತದೆ. ಪ್ರಾಣ ಉಳಿಸಲು ಕೊಟ್ಟ ಆಮ್ಲಜನಕದಿಂದಲೂ ಬೆಳವಣಿಗೆಯ ಕ್ರಮ ತಪ್ಪುವುದುಂಟು. ಕ್ರಮ ತಪ್ಪಿದ ನಾಳಗಳು ಅಡ್ಡಾದಿಡ್ಡಿ ಬೆಳೆದು ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡಬಹುದು. ಆಮೇಲೆ ದೃಷ್ಟಿ ಮರಳಿಸುವುದು ಬಹು ಕಷ್ಟ. ಬಹಳ ಕೂಸುಗಳಲ್ಲಿ ಇದು ತಾನಾಗಿ ಸರಿಹೋಗುತ್ತದೆ. ಯಾವ ಕೂಸಿನಲ್ಲಿ ಹೋಗುವುದಿಲ್ಲವೆಂಬುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು, ಚಿಕಿತ್ಸೆಗೆ ಸಿಕ್ಕುವ ಕಾಲ ಕೆಲವೇ ದಿನ. ಆದುದರಿಂದಲೇ ನಮ್ಮ ದೇಶದ ನಿಯಮ: 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಗಿದ ಪ್ರತಿಯೊಂದು ಕೂಸಿಗೂ ಹುಟ್ಟಿದ 30 ದಿನದೊಳಗೆ ಮೊದಲ ಕಣ್ಣಿನ ಪರೀಕ್ಷೆ ಆಗತಕ್ಕದ್ದು, ಇನ್ನೂ ಎಳೆಯವಾದ, 28 ವಾರದೊಳಗಿನ ಅಥವಾ 1,200 ಗ್ರಾಂಗೆ ಕಡಿಮೆಯಾದ ಕೂಸುಗಳಿಗೆ ಎರಡು ಮೂರು ವಾರದಲ್ಲಿಯೇ. ಒಂದು ಸಲ ನೋಡಿದರೆ ಮುಗಿಯಲಿಲ್ಲ. ಸಾಕು ಎಂದು ಕಣ್ಣಿನ ವೈದ್ಯರೇ ಹೇಳುವವರೆಗೆ ಹೋಗಬೇಕು. ನಡುವೆ ಊರಿಗೆ ಹೋಗಲೇಬೇಕಾದರೆ ಅಲ್ಲಿ ಎಲ್ಲಿ ಪರೀಕ್ಷೆಯಾಗುತ್ತದೆಂದು ಕೇಳಿ ಬರೆಯಿಸಿಕೊಂಡೇ ಹೊರಡಿರಿ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಾದವರು ಕ್ಯಾಮೆರಾದೊಡನೆ ಕರ್ನಾಟಕದ ದೂರದ ಊರುಗಳ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ಏರ್ಪಾಡು ಬೆಳೆದಿದೆ. ಕಿವಿಯ ಪರೀಕ್ಷೆಯೂ ಒಂದು ತಿಂಗಳೊಳಗೆ ಆಗಬೇಕು.

ಆ ಉಡುಪಿಯ ತಾಯಿ ಮಾಡಿದ್ದೇನು? ಔಷಧ ಕೊಡಲಿಲ್ಲ, ಉಪದೇಶ ಮಾಡಲಿಲ್ಲ. ಚೀಟಿ ಓದಿದರು, ಜೊತೆಗೆ ಹೋದರು. ವೈದ್ಯರು ಅದೇ ಮಾತನ್ನು ಬಿಡುಗಡೆಯ ದಿನ ಹೇಳಿಯೇ ಇದ್ದರು; ಗಾಬರಿಯಲ್ಲಿದ್ದ ದಂಪತಿಗಳ ಕಿವಿಗೆ ಅದು ಬಿದ್ದಿರಲಿಲ್ಲ. ಇದೇ ಕಷ್ಟ ಉಂಡವರು ಹೇಳಿದಾಗ ಬಿತ್ತು.

ಈ ಬಗೆಯ ನೆರವು ಬರಿಯ ಒಳ್ಳೆಯತನವಲ್ಲ, ಪರೀಕ್ಷಿಸಿ ನೋಡಿದ ಉಪಾಯ. ಕೆನಡಾದ ಟೊರಾಂಟೊ ನಗರದಲ್ಲಿ ಬಹಳ ಮೊದಲೇ ಹೆತ್ತ ತಾಯಂದಿರಿಗೆ, ಹಿಂದೆ ಅದೇ ಅನುಭವ ಪಡೆದು ತರಬೇತಾದ ತಾಯಂದಿರಿಂದ ದೂರವಾಣಿಯಲ್ಲಿ ಮಾತನಾಡಿಸಿದರು. ನಾಲ್ಕು ತಿಂಗಳಾದ ಮೇಲೆ ಇವರಲ್ಲಿ ಕಳವಳವೂ ಖಿನ್ನತೆಯೂ ಉಳಿದವರಿಗಿಂತ ಕಡಿಮೆಯಿದ್ದುವು. ಇದು 2003ರಲ್ಲಿ ಪ್ರಕಟವಾಯಿತು. ನಮ್ಮ ದೇಶದ ಝಾರ್ಖಂಡ, ಒಡಿಶಾಗಳ ಹಳ್ಳಿಗಳಲ್ಲಿ ದಾದಿಯರಲ್ಲದ ಸ್ಥಳೀಯ ಹೆಂಗಸರೇ ನಡೆಸಿದ ಮಹಿಳಾ ಸಭೆಗಳಿಂದ, ಒಂದು ತಿಂಗಳೊಳಗಿನ ಕೂಸುಗಳ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾದುದು 2010ರಲ್ಲಿ ಪ್ರಕಟವಾಗಿದೆ. ಆ ಸಭೆಗಳು ತಿಂಗಳು ತುಂಬದ ಕೂಸುಗಳಿಗೆಂದೇ ಇದ್ದುವಲ್ಲ, ನಿಜ. ಕಲಿತವರಲ್ಲದವರೂ ಕೂಡಿ ಕುಳಿತು ಮಾತನಾಡಿದರೆ ಕೂಸುಗಳು ಉಳಿಯುತ್ತವೆ ಎಂಬುದು ಅದರಿಂದ ತಿಳಿಯಿತು.

ಹೀಗೆ ನೆರವಾಗಲು ಹೋಗುವವರಿಗೆ ಕೆಲವು ಕಟ್ಟುಪಾಡುಗಳಿರಬೇಕೆಂದು ನಮ್ಮ ಮತ. ನೆಗಡಿ ಕೆಮ್ಮು ಇದ್ದ ದಿನ ಆ ಮನೆಯ ಹೊಸಿಲು ತುಳಿಯಬಾರದು. ಸಾಬೂನಿನಿಂದ ಮೊಳಕೈವರೆಗೆ ತೊಳೆಯದೆ ಕೂಸನ್ನು ಮುಟ್ಟಬಾರದು. ತನ್ನ ಕೂಸಿಗೆ ಬರೆದುಕೊಟ್ಟ ಹನಿ ಔಷಧವನ್ನು ಇನ್ನೊಂದು ಕೂಸಿಗೆ ಹೇಳಬಾರದು. ಕಬ್ಬಿಣದ ಹನಿ, ವಿಟಮಿನ್ ಹನಿ ಎಲ್ಲವೂ ಆ ಕೂಸಿನ ವೈದ್ಯರು ಹೇಳಿದಂತೆ. ತೂಕಗಳನ್ನು ಹೋಲಿಸಬಾರದು. ಆ ಮನೆಯಲ್ಲಿ ಕೇಳಿದ್ದನ್ನು ನಲ್ಲಿಯ ಬಳಿ ಆಡಬಾರದು. "ಏನೂ ಆಗುವುದಿಲ್ಲ" ಎಂದು ಮಾತು ಕೊಡಲೂಬಾರದು, ಆಗುವುದೂ ಉಂಟು. ಕೂಸನ್ನು ಕಳೆದುಕೊಂಡ ಮನೆಗೆ ಹೋಗುವುದನ್ನು ಅಂದಿನಿಂದಲೇ ನಿಲ್ಲಿಸುವವರನ್ನು ಕಂಡಿದ್ದೇವೆ. ಏನು ಹೇಳಬೇಕೆಂದು ತಿಳಿಯದೆ ನಿಲ್ಲಿಸುತ್ತಾರೆ. ಹೇಳಬೇಕಾದ್ದು ಏನೂ ಇಲ್ಲ. ಹೋಗಿ ಕೂತರೆ ಸಾಕು.

ಯಾವಾಗ ಮಾತು ಬಿಟ್ಟು ಆಸ್ಪತ್ರೆಗೆ ಓಡಬೇಕೆಂಬುದು ಹೋಗುವವರಿಗೂ ಮನೆಯವರಿಗೂ ಬಾಯಿಪಾಠವಾಗಿರಲಿ: ಕೂಸು ಹಾಲು ಬಿಟ್ಟರೆ; ತಟ್ಟಿ ಎಬ್ಬಿಸಿದರೂ ಚುರುಕಾಗದಿದ್ದರೆ; ನಿಮಿಷಕ್ಕೆ 60 ಅಥವಾ ಅದಕ್ಕೆ ಮೇಲ್ಪಟ್ಟು ಉಸಿರಾಡಿದರೆ ಅಥವಾ ಪಕ್ಕೆ ಒಳಗೆ ಸೆಳೆದರೆ; ಉಸಿರು ನಡುವೆ ನಿಂತರೆ, ತುಟಿ ನೀಲಿಯಾದರೆ; ಸೆಳವು ಬಂದರೆ; ಮೈ ಸುಟ್ಟರೆ ಅಥವಾ ತಣ್ಣಗಾದರೆ; ಅಂಗೈ ಅಂಗಾಲು ಹಳದಿಯಾದರೆ. ಬೆಳಗಾಗಲಿ ಎಂದು ಕಾಯಕೂಡದು. 108ಕ್ಕೆ ಕರೆಮಾಡಿ, ದಾರಿಯುದ್ದಕ್ಕೂ ಕೂಸು ಎದೆಯ ಮೇಲೆಯೇ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಚಿಕಿತ್ಸೆ, ಔಷಧ, ಕರೆದೊಯ್ಯುವ ವಾಹನ ಉಚಿತವೆಂಬುದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಕ್ರಮ.

ತಾಯಿಯ ಮೇಲೂ ಕಣ್ಣಿರಲಿ. ಅಳು ಬರುವುದು ಸಹಜ. ಕೂಸು ಮಲಗಿದಾಗಲೂ ನಿದ್ದೆ ಬಾರದೆ, ಊಟ ಬೇಡವಾಗಿ, ಕೂಸನ್ನು ಎತ್ತಿಕೊಳ್ಳಲು ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದು ಕಾಯಿಲೆ, ವೈದ್ಯರಿಗೆ ತೋರಿಸಬೇಕು. ಸಾಯುವ ಮಾತಾಡಿದರೆ ಒಂದು ದಿನವೂ ತಡಮಾಡದೆ, ಒಬ್ಬಳನ್ನೇ ಬಿಡದೆ ಕರೆದೊಯ್ಯಬೇಕು. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಕೆಲಸಕ್ಕೆ ಹೋಗುವ ತಾಯಂದಿರಿಗೆ ಒಂದು ಮಾತು. ಹೆರಿಗೆ ರಜೆ ಮುಗಿದ ಮೇಲೂ, ಅಕಾಲ ಹೆರಿಗೆಯಿಂದ ಅನಾರೋಗ್ಯವಾಗಿದ್ದರೆ ವೈದ್ಯರ ಪತ್ರದೊಡನೆ ಒಂದು ತಿಂಗಳವರೆಗೆ ಹೆಚ್ಚಿನ ಸಂಬಳಸಹಿತ ರಜೆಗೆ ಅವಕಾಶವುಂಟು. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಬಂದ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಇನ್ನು, ಆಸ್ಪತ್ರೆಯಲ್ಲಿ ವಿಳಾಸ ಬರೆಸುವಾಗ ಊರಿನ ವಿಳಾಸ ಕೊಡುವುದು ನಮ್ಮವರ ಅಭ್ಯಾಸ; ಆಧಾರದಲ್ಲಿ ಅದೇ ಇರುತ್ತದೆ. ಹಾಗೆ ಮಾಡಿದರೆ ಮನೆಗೆ ಬಂದು ಕೂಸನ್ನು ತೂಗಿ ನೋಡಬೇಕಾದ ಆಶಾ ಕಾರ್ಯಕರ್ತೆ ನಿಮ್ಮನ್ನು ಎಲ್ಲಿ ಹುಡುಕಬೇಕು? ಸದ್ಯ ಇರುವ ಖೋಲಿಯ ವಿಳಾಸವನ್ನೂ ದೂರವಾಣಿಯನ್ನೂ ಬರೆಸಿರಿ.

ನಮ್ಮ ವಾಚನಾಲಯದ ಮೇಜಿನ ಮೇಲೆ ಈ ತಿಂಗಳಿನಿಂದ ಒಂದು ನೋಟು ಪುಸ್ತಕ ಇಟ್ಟಿರುತ್ತೇವೆ. ತಿಂಗಳು ತುಂಬದ ಕೂಸನ್ನು ಸಾಕಿ ವರ್ಷ ದಾಟಿಸಿದ ತಾಯಿತಂದೆಯರು, ಹೋಗಿಬರಲು ಮನಸ್ಸಿದ್ದರೆ, ತಮ್ಮ ಹೆಸರು, ವಾಸದ ಜಾಗ, ಬಿಡುವಿನ ವೇಳೆ, ಕನ್ನಡದ ಜೊತೆಗೆ ತುಳುವೋ ಕೊಂಕಣಿಯೋ ಉರ್ದುವೋ ತೆಲುಗೋ ಬಲ್ಲವರಾದರೆ ಅದನ್ನೂ ಬರೆಯಬೇಕು. ತಂದೆಯರೂ ಬರೆಯಿರಿ; ಗಂಡಸಿನ ಹೆದರಿಕೆಯನ್ನು ಕೇಳಲು ಇನ್ನೊಬ್ಬ ಗಂಡಸೇ ಬೇಕಾಗುತ್ತದೆ. ಇಂಗ್ಲಿಷಿನ ಬಿಡುಗಡೆ ಚೀಟಿ ಓದಿಸಿಕೊಳ್ಳಬೇಕಾದವರು ಸಂಜೆ ಆರರ ಮೇಲೆ ಬಂದರೆ ಓದಿ, ಮುಂದಿನ ಪರೀಕ್ಷೆಯ ದಿನಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ.